ಮೇಜುಬಟ್ಟೆಯಲ್ಲಿ ಇಲ್ಲದ ಮಾತು

ಮನೆಯಿಂದ, ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬೀ,

ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಆ ಕಿಟಕಿಗೆ ಕೊನೆಗೂ ಗಾಜು ಹಾಕಿಸಿದರೇ? ಹೊತ್ತಿಗೆ ಸರಿಯಾಗಿ ಉಣ್ಣು. ಬಿಸ್ಕತ್ತು ತಿಂದು ಊಟವಾಯಿತು ಎನ್ನುವ ನಿನ್ನ ಜಾಣತನ ನನಗೆ ಗೊತ್ತಿಲ್ಲದ್ದೇನಲ್ಲ. ಫೋನು ಬಿಟ್ಟು ಕಾಗದ ಬರೆಯುವ ಹುಚ್ಚು ಅಮ್ಮನಿಗೆ ಯಾಕೆ ಬಂತು ಎಂದು ನಗಬೇಡ. ನಿನ್ನ ಕೈಯಲ್ಲಿರುವುದು ಕಂಪನಿ ಕೊಟ್ಟ ಫೋನು. ಗೋಡೆಗೂ ಕಿವಿಯಿರುತ್ತದೆ ಎನ್ನುವುದನ್ನು ನಾನು ನಿಜವಾಗಿ ನಂಬಿದ್ದು ನಿನ್ನೆಯಿಂದ.

ಅದೇ ಕಂಪನಿಯ ಕೆಲಸ ಬಿಟ್ಟು ನಾನು ಸೂಜಿ ಹಿಡಿದು ಕೂತಾಗ, "ಆಫೀಸಿಗೆ ಹೋಗ್ತಿದ್ದಾಗ ನನ್ನ ಅಂಗಿಗೆ ಒಂದು ಗುಂಡಿ ಹಾಕೋಕೂ ಪುರುಸೊತ್ತಿರ್ಲಿಲ್ಲ, ಈಗ ನೋಡು ಊರಗಲ ಬಟ್ಟೆ!" ಎಂದು ನಿಮ್ಮಪ್ಪ ರೇಗಿಸಿದ್ದು ನೆನಪಿದೆಯಲ್ಲ? ಆ ಮೇಜುಬಟ್ಟೆ ಮುಗಿಯಿತು. ಮೀಟಿಂಗ್ ಕೋಣೆಯ ಮೇಜಿನಷ್ಟೇ ಉದ್ದ, ಬಿಳಿ ಬಟ್ಟೆ, ಅದರ ತುಂಬ ಆಫೀಸಿನಲ್ಲಿ ನಮಗೆ ಹೇಳಿದ ಮಾತುಗಳು, ಕೆಂಪು ದಾರದಲ್ಲಿ. "ಗಂಡ ದುಡೀತಾರಲ್ಲ, ನಿಮಗ್ಯಾಕಮ್ಮ ಬಡ್ತಿ?" "ಎಲ್ರಿಗೂ ಟೀ ಹೇಳಿಬಿಡಿ." "ಸ್ವಲ್ಪ ನಕ್ಕರೆ ಚೆನ್ನಾಗಿ ಕಾಣ್ತೀರಿ." ನನ್ನ ಹಳೆಯ ಗೆಳತಿಯರೂ ಬಂದು ತಮಗೆ ಹೇಳಿದ್ದನ್ನು ತಾವೇ ಹೊಲಿದರು. ರಿಸೆಪ್ಷನ್ನಿನ ಆಂಟಿಯಂತೂ ಹೊಲಿಯುತ್ತ ಹೊಲಿಯುತ್ತ ಬೈದ ಬೈಗುಳಕ್ಕೇ ಇನ್ನೊಂದು ಬಟ್ಟೆ ಬೇಕಾಗುತ್ತಿತ್ತು.

ಭಾನುವಾರ ಊರಿನ ಸಭೆಯ ಹಾಲಿನಲ್ಲಿ ಅದರ ಪ್ರದರ್ಶನ. ನಿನ್ನೆ ಬಟ್ಟೆಯನ್ನು ಅಲ್ಲಿಯ ಮೇಜಿನ ಮೇಲೆ ಹಾಸಿ ಸುಕ್ಕು ತೆಗೆಯುತ್ತಿದ್ದೆ. ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ನಮ್ಮ ಡೈರೆಕ್ಟರು, ಆಫೀಸಿನಲ್ಲಿ ನಾವು ಬೆನ್ನ ಹಿಂದೆ 'ಬೆಣ್ಣೆ' ಎನ್ನುತ್ತಿದ್ದವರು. ಆ ಹಾಲಿಗೆ ಕಂಪನಿಯ ದೇಣಿಗೆ ಇದೆ ಎಂದು ನನಗೆ ಆಮೇಲೆ ತಿಳಿಯಿತು. ಈ ತುದಿಯಿಂದ ಆ ತುದಿಯವರೆಗೆ, ಕೈಕಟ್ಟಿಕೊಂಡು, ಎಲ್ಲವನ್ನೂ ಓದಿದರು. ಒಂದು ಕಡೆಯೂ ಮುಖ ಬದಲಾಗಲಿಲ್ಲ. "ತುಂಬ ಚೆನ್ನಾಗಿದೆ" ಎಂದರು. ಹೊರಡುವಾಗ, ಏನೋ ಮರೆತಿದ್ದವರ ಹಾಗೆ, "ನಿಮ್ಮ ಮಗಳು ನಮ್ಮ ಬ್ರಾಂಚಿನಲ್ಲೇ ಅಲ್ವಾ? ಚುರುಕು ಹುಡುಗಿ" ಎಂದರು. ಅಷ್ಟೇ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರ ಕಾರು ಹೋದ ಮೇಲೆ ಹಾಲಿನ ಮ್ಯಾನೇಜರು ಬಂದು, "ಮೇಡಂ, ದೊಡ್ಡವರ ಸಹವಾಸ ನಮಗ್ಯಾಕೆ, ಹೂವು ಗೀವು ಹೊಲಿದಿದ್ದು ಏನಾದ್ರೂ ಇದ್ರೆ ತನ್ನಿ" ಎಂದರು. ನಾನು ಬಟ್ಟೆ ಮಡಚಿ ಎದೆಗವಚಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಿದೆ. ಈಗಲೂ ಗೇಟು ಕಿರ್ರೆಂದರೆ ಜೀವ ಹಾರುತ್ತದೆ. ಇವತ್ತು ಹಾಲು ಹಾಕುವ ಹುಡುಗನಿಗೂ ಬಾಗಿಲು ತೆಗೆಯಲಿಲ್ಲ.

ನಿಮ್ಮಪ್ಪ ಬಟ್ಟೆಯನ್ನು ಮಂಚದ ಮೇಲೆ ಬಿಡಿಸಿ ಮೊದಲ ಸಲ ಪೂರ್ತಿ ಓದಿದರು. ಓದಿ, "ಇದರಲ್ಲಿ ನಾನು ಹೇಳಿದ್ದೂ ಇದೆಯೇನೇ?" ಎಂದು ಮೆಲ್ಲಗೆ ಕೇಳಿದರು. ಆಫೀಸಿನ ಮಾತು ಮಾತ್ರ ಎಂದು ನಾನು ಅಂದುಕೊಂಡಿದ್ದರೂ ಅವರದೊಂದನ್ನು ಸೇರಿಸಿದ್ದೆ. ಆ ಮೂಲೆ ತೋರಿಸಿದೆ. "ಮೊದಲು ಅಡುಗೆ ಮುಗಿಸು, ಆಮೇಲೆ ಲ್ಯಾಪ್‌ಟಾಪ್ ತೆಗಿ." ಕನ್ನಡಕ ತೆಗೆದು ಒರೆಸಿಕೊಂಡರು. ಜಗಳವಾಡುತ್ತಾರೆಂದು ಕಾದೆ, ಆಡಲಿಲ್ಲ. "ಇದು ಅಲ್ಲೇ ಇರ್ಲಿ" ಎಂದರು. ಬಟ್ಟೆಯನ್ನು ವಾಪಸ್ ಒಯ್ಯಬೇಕೋ ಬೀರುವಿನಲ್ಲಿ ಇಡಬೇಕೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ನನ್ನ ಒಬ್ಬಳದೇ ತಲೆಯಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ನಿನ್ನದೂ ಸೇರಿದೆಯಲ್ಲ ಮಗಳೇ.

ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ಕಣ್ತುಂಬ ನಿದ್ದೆ ಬರಲಿ, ಯಾರ ಮುಂದೆಯೂ ನಿನ್ನ ಧ್ವನಿ ತಗ್ಗದಿರಲಿ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ

ತಾ.ಕ. ಬರೆಯಲು ಕೈ ಬರದೆ ಒಂದು ಮಾತು ಬಿಟ್ಟಿದ್ದೆ. ಬಾಗಿಲ ಹತ್ತಿರ ಅವರು, "ಮುಂದಿನ ತಿಂಗಳು ಅವಳನ್ನ ನನ್ನ ಕೈಕೆಳಗೇ ಕರೆಸಿಕೊಳ್ತೀನಿ" ಎಂದೂ ಹೇಳಿದರು. ಆ ಆರ್ಡರು ಬಂದರೆ ಒಪ್ಪಬೇಡ. ಅವರ ಕೋಣೆಗೆ ಒಬ್ಬಳೇ ಕಾಲಿಡಬೇಡ. ಸುಸ್ತಾಗಿ ಕೆಲಸ ಬಿಟ್ಟೆ ಎಂದು ನಿಮಗೆಲ್ಲ ಹೇಳಿದ್ದೆನಲ್ಲ, ಸುಸ್ತಲ್ಲ. ಒಂದು ಸಂಜೆ ಬೆಣ್ಣೆ ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, "ನಿಮ್ಮ ಬಡ್ತಿ ನನ್ನ ಕೈಯಲ್ಲಿದೆ, ಕೂತ್ಕೊಳ್ಳಿ" ಎಂದರು. ನಾನು ಪೇಪರ್‌ವೇಟು ಎಸೆದು ಕಿಟಕಿ ಒಡೆದೆ. ಸದ್ದಿಗೆ ಜನ ಬಂದರು, ಗಾಳಿಗೆ ಗಾಜು ಒಡೆಯಿತು ಎಂದು ಅವರು ಹೇಳಿದರು, ನಾನು ಸುಮ್ಮನಿದ್ದೆ. ಬಟ್ಟೆಯಲ್ಲಿ ಈವರೆಗೆ ಆ ಮಾತೊಂದೇ ಇರಲಿಲ್ಲ. ಈಗಷ್ಟೇ ನಿಮ್ಮಪ್ಪನಿಗೆ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾರೆ; ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲವಂತೆ, ಬಸ್ಸು ಹತ್ತಿ ತಾವೇ ತಂದುಕೊಡುತ್ತಾರಂತೆ. ನಿನಗೆ ಬರಬೇಕೆನಿಸಿದರೆ ಅವರ ಜೊತೆಗೇ ಬಂದುಬಿಡು. ಬಟ್ಟೆ ಭಾನುವಾರ ಹಾಲಿನಲ್ಲಿರುತ್ತದೆ. ಅಲ್ಲಿ ಬಿಡದಿದ್ದರೆ ನಮ್ಮ ಗೇಟಿನ ಮೇಲಿರುತ್ತದೆ. ಆ ಮಾತಿಗೆ ನಟ್ಟನಡುವೆ ಜಾಗ ಮಾಡಿದ್ದೇನೆ. ಸೂಜಿಗೆ ದಾರ ಪೋಣಿಸಿಕೊಟ್ಟವರು ನಿಮ್ಮಪ್ಪ.