ಬೂದಿ ಹಾಕದ ಬೇಲಿ

ನೈಗಾಗಾ,

ನೀನು ಸರೋವರ ದಾಟಿ ಮ್ವಾಂಜಾ ಪಟ್ಟಣಕ್ಕೆ ಹೋಗಿ ಎರಡು ವರ್ಷವಾಯಿತು. ವಿಳಾಸ ಕೊಡದೆ ಹೋದವಳಿಗೆ ಪತ್ರ ಕಳಿಸುವ ಗೋಜಿಲ್ಲ. ಹಾಗಾಗಿ ಮುಲಾಜಿಲ್ಲದೆ ಬರೆಯುತ್ತೇನೆ.

ನಿನ್ನೆ ನಡುರಾತ್ರಿ ಬೇಲಿಯಾಚೆ ನಿಮ್ಮ ಮನೆಯಿಂದ “ಇರುವೆ, ಇರುವೆ!” ಎಂಬ ಕೂಗು ಬಂತು. ಕೂಗು ಕೇಳಿಯೂ ಮಲಗಿದವರನ್ನು ನಮ್ಮೂರು ಕಳ್ಳರ ಜೊತೆ ಸೇರಿಸುತ್ತದೆ. ಇರುವೆಗಳು ಬೂದಿ ದಾಟುವುದಿಲ್ಲವಲ್ಲ, ಒಲೆಯದನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಓಡಿದೆ. ಕಚ್ಚುವ ಇರುವೆಗಳ ದಂಡು ಬಾಗಿಲಿನಿಂದ ಒಳಗೆ ಹರಿಯುತ್ತಿತ್ತು. ನಡೆಯಲಾರದವರನ್ನು ಅವು ಬಿಡುವುದಿಲ್ಲ. ನಿನ್ನ ಅಮ್ಮ ಮಂಚದ ಮೇಲೆ ಕೂತು ಕೋಲು ಬೀಸುತ್ತಿದ್ದಳು.

“ನಮ್ಮ ಹೊಸ್ತಿಲು ತುಳಿಯಲ್ಲ ಅಂತ ಆಣೆ ಇಟ್ಟಿದ್ಯಲ್ಲೇ, ಕಾಗೋಯಾ?”

“ತುಳಿದಿಲ್ಲವ್ವ, ಹಾರ್ಕೊಂಡು ಬಂದೆ. ಮೊದಲು ನನ್ ಬೆನ್ನ ಮೇಲೆ ಹತ್ತು, ಆಮೇಲೆ ಬೈಯುವಿಯಂತೆ.”

ಆಣೆ ಯಾಕೆಂದು ನಿನಗೆ ಗೊತ್ತು. ಅಂದು ಇದೇ ದಂಡು ಬಂದಾಗ ನೀನು ನನ್ನನ್ನು ಎಬ್ಬಿಸಲಿಲ್ಲ. ನಿಮ್ಮ ಬೇಲಿಯುದ್ದಕ್ಕೂ ಬೂದಿ ಸುರಿದು, ದಂಡನ್ನು ನನ್ನ ಕಡೆಗೆ ತಿರುಗಿಸಿ ಮಲಗಿದೆ. ಬೆಳಗಾದಾಗ ಗೂಡಿನಲ್ಲಿ ನನ್ನ ಹನ್ನೊಂದು ಕೋಳಿಗಳ ಮೂಳೆಯಷ್ಟೇ ಉಳಿದಿತ್ತು. ಕೇಳಿದ್ದಕ್ಕೆ, “ಇರುವೆ ನನ್ ಮಾತು ಕೇಳ್ತವೇನೇ?” ಎಂದು ನಕ್ಕವಳು ನೀನು.

ಅಮ್ಮನನ್ನು ನನ್ನ ಮನೆಗೆ ಹೊತ್ತು ತಂದು, ನನ್ನ ಚಾಪೆಯ ಮೇಲೆ ಮಲಗಿಸಿ ಸುತ್ತಲೂ ಬೂದಿ ಹಾಕಿದೆ. ಈಗ ಎದ್ದು, ಗೆಣಸು ಬೆಂದಿಲ್ಲ ಎಂದು ಬೈಯುತ್ತಿದ್ದಾಳೆ. ಅದೇ ನಿನ್ನ ಬಾಯಿ. ನಿನ್ನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೇಲಿಗೆ ಮಾತ್ರ ನಾನು ಒಂದು ಹಿಡಿ ಬೂದಿಯನ್ನೂ ಹಾಕಲಿಲ್ಲ. ನಿಮ್ಮ ಮನೆಯಿಂದ ಹೊರಡಲು ಇರುವೆಗಳಿಗೊಂದು ದಾರಿ ಬೇಕಲ್ಲ. ಬೆಳಗಿನ ಜಾವ ದಂಡು ನನ್ನ ಕೋಳಿಗೂಡನ್ನು ಹಾದುಹೋಯಿತು. ಅಲ್ಲಿ ತಿನ್ನಲು ಏನೂ ಇರಲಿಲ್ಲ. ಅದನ್ನು ನೀನು ಆಗಲೇ ನೋಡಿಕೊಂಡಿದ್ದೆ.