ಬಂದು ಹೋದವರ ಸಾಲು

ಯಲ್ಲೇಶಾ,

ಇವತ್ತು ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಂಗಿ ಅರುಣಾ ಸಿಕ್ಕಿದ್ದಳು. ನೀನು ತೀರಿಕೊಂಡು ಎರಡು ತಿಂಗಳಾದರೂ ನಾನು ರಾಣೆಬೆನ್ನೂರಿನ ನಿಮ್ಮ ಮನೆಗೆ ಬಂದಿರಲಿಲ್ಲ. ನಿನ್ನ ಮಾತು ನಾನೇ ತೆಗೆದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದೇ ಚಹಾ ಹಂಚಿಕೊಂಡು ಬೇರೆ ಬೇರೆ ಪಕ್ಷಕ್ಕೆ ಓಟು ಹಾಕಿದವರು ನಾವು. 2008ರ ಚುನಾವಣೆಗೆ ಆರ್ಕುಟ್ ಜಾಲತಾಣದಲ್ಲಿ ನೀನು ನಿಮ್ಮವರ ಗುಂಪು ಸೇರಿದೆ, ನಾನು ನಮ್ಮವರದು. ಅಲ್ಲಿ ಬೈದಷ್ಟೂ ಚಪ್ಪಾಳೆ. ನನ್ನ ಪುಟಕ್ಕೆ ಬಂದು ಹೋದವರ ಸಾಲಿನಲ್ಲಿ ದಿನಾ ನಿನ್ನ ಹೆಸರಿರುತ್ತಿತ್ತು. ನಾನು ಬರೆದದ್ದು ಮರುದಿನವೇ ನಿಮ್ಮ ಗುಂಪಿನಲ್ಲಿ ನಗೆಪಾಟಲಾಗುತ್ತಿತ್ತು. ಚಾಡಿಕೋರ ನೀನೇ ಎಂದು ತೀರ್ಮಾನಿಸಿ ಗೆಳೆಯರ ಪಟ್ಟಿಯಿಂದ ನಿನ್ನನ್ನು ತೆಗೆದೆ. ಆ ಸಾಲನ್ನೂ ಮುಚ್ಚಿದೆ. ಮುಚ್ಚಿದರೆ ಯಾರು ಬಂದರೆಂದು ನನಗೆ ಕಾಣದು, ನಾನು ಹೋದದ್ದೂ ಯಾರಿಗೂ ಕಾಣದು.

"ಅಣ್ಣ ದಿನಾ ನಿಮ್ಮ ಪೇಜ್ ತಗದು ಕುಂದರ್ತಿದ್ನರಿ," ಎಂದಳು ಅರುಣಾ. "ಚಾ ಕುಡಿಯಾಕ ಬಾರೋ ಅಂತ ಬರೀತಿದ್ದ, ಮತ್ತ ಅಳಸತಿದ್ದ."

ನನಗೆ ಆಗಲೂ ನಂಬಿಕೆ ಬರಲಿಲ್ಲ. "ಹಂಗಾರ ನನ್ನ ಮಾತು ಅವನ ಗುಂಪಿನವರಿಗೆ ಮುಟ್ಟಿಸಿದವರು ಯಾರವಾ?"

"ಯಾರ್ಯಾಕ ಮುಟ್ಟಸಬೇಕ್ರಿ? ನೀವು ಬರದದ್ದು ಊರಿಗೆಲ್ಲಾ ಕಾಣತಿತ್ತಲ್ರಿ."

ಸೀದಾ ಸೈಬರ್ ಕೆಫೆಗೆ ಹೋಗಿ, ಮುಚ್ಚಿದ್ದ ಸಾಲನ್ನು ತೆರೆದು, ನಿನ್ನ ಪುಟಕ್ಕೆ ಬಂದೆ. ಇಷ್ಟು ದಿನ ಕದ್ದು ಬರುತ್ತಿದ್ದ ಹಾಗಲ್ಲ. ನಿನ್ನಲ್ಲಿಗೆ ಬಂದವರ ಸಾಲಿನಲ್ಲಿ ಈಗ ನನ್ನ ಹೆಸರು ಬಿದ್ದಿರಬೇಕು.

ಆ ಸಾಲು ಕಾಣುವುದು ಪುಟದ ಒಡೆಯನೊಬ್ಬನಿಗೇ.

ಶಶಿಕಾಂತ