ಡಲ್ಲಾಸಿನವರು ಕೇಳಿದ್ದು ಯಾರನ್ನು

ಕಾಲ್ಡರ್, ಟೆಕ್ಸಸ್
ಏಪ್ರಿಲ್ ೧೪, ಮಂಗಳವಾರ

ಪ್ರೀತಿಯ ಲವೋನ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಕಸದ ಡಬ್ಬಿಗೆ ಎಸೆಯಬೇಕು ಅಂತ ನಿನಗೆ ಅನ್ನಿಸಿರುತ್ತದೆ. ಎಸೆಯಬೇಡ. ಮೊದಲು ಓದು, ಆಮೇಲೆ ಬೇಕಾದರೆ ಚೂರುಚೂರು ಮಾಡು. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಭಾನುವಾರ ಚರ್ಚಿನಲ್ಲಿ ನನ್ನನ್ನು ನೋಡಿ ಬೆಂಚು ಬದಲಾಯಿಸಿದೆ, ಅದೂ ಹಾಡಿನ ಮಧ್ಯೆ ಎದ್ದು, ಎಲ್ಲರೂ ತಿರುಗಿ ನೋಡುವ ಹಾಗೆ. ಒಂದನೇ ಕ್ಲಾಸಿನಿಂದ ಪಕ್ಕ ಪಕ್ಕ ಕೂತು ಬೆಳೆದ ನಿನಗೆ ಸ್ಟಾಂಪು ಅಂಟಿಸಿ ಕಾಗದ ಹಾಕುವ ಗತಿ ಬಂತಲ್ಲ ನನಗೆ.

ನೀನು ಕೇಳಿದ್ದು ನಿಜ. ನಾವು ಹೋಗಿದ್ದೆವು. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ನಮ್ಮ ಕೋಚ್ ಮಿಸ್ ಪ್ಯಾಟ್ರಿಸ್‌ಗೆ ಸುಳ್ಳು ಹೇಳಿ ಶನಿವಾರ ಕೆನ್ಲಿಯನ್ನು ಡಲ್ಲಾಸಿನ ಆ ದೊಡ್ಡ ಚಿಯರ್‌ಲೀಡಿಂಗ್ ಜಿಮ್ಮಿಗೆ ಕರೆದುಕೊಂಡು ಹೋದೆ. ಆ ದಿನ ಅಲ್ಲಿ ಯಾರು ಬೇಕಾದರೂ ಬಂದು ಅಭ್ಯಾಸ ಮಾಡಬಹುದಿತ್ತು. ಅವರು ಇಂಟರ್ನೆಟ್ಟಿನ ತಮ್ಮ ಪುಟದಲ್ಲಿ ಹಾಕಿದ ಫೋಟೋದ ಮೂಲೆಯಲ್ಲಿ ನಿಂತಿರುವವಳು ನನ್ನ ಮಗಳೇ. ಅಂಗಿಯನ್ನು ಒಳಗು ಹೊರಗು ಮಾಡಿ ಹಾಕಿಕೊಂಡಿದ್ದಾಳೆ. ಹಾಗೆ ಹಾಕಿಕೊಂಡರೆ ಏನರ್ಥ ಅಂತ ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ತನ್ನ ಜಿಮ್ಮಿನ ಹೆಸರು ಮುಚ್ಚಿಟ್ಟುಕೊಂಡು ಬೇರೆಯವರ ಅಂಗಳಕ್ಕೆ ಇಣುಕುವವರು ಮಾಡುವ ಕೆಲಸ ಅದು. ಗಾಲ್ವೆಸ್ಟನ್ ಸ್ಪರ್ಧೆ ಇನ್ನೂ ಬಾಕಿ ಇರುವಾಗ ಹಾಗೆ ಮಾಡಿದ ಹಚಿನ್ಸ್ ಮನೆಯ ಹುಡುಗಿಯ ಫೋಟೋವನ್ನು ಹೋದ ವರ್ಷ ನೀನೇ ಕುರ್ಚಿ ಹತ್ತಿ ನಮ್ಮ ಜಿಮ್ಮಿನ ಗೋಡೆಯಿಂದ ಇಳಿಸಿದೆ. ಕುರ್ಚಿ ಹಿಡಿದುಕೊಂಡಿದ್ದವಳು ನಾನು.

ಯಾಕೆ ಹೋದೆ ಅಂದರೆ, ನನ್ನ ಮಗಳು ಕೊಳೆಯುತ್ತಿದ್ದಾಳೆ ಅಂತ ನನಗೆ ಅನ್ನಿಸಿತ್ತು. ಹದಿಮೂರು ವರ್ಷ. ಗುಂಪಿನಲ್ಲಿ ಮೇಲೇರುವವಳು ಅವಳು. ಮೂವರು ಹುಡುಗಿಯರ ಕೈಗಳ ಮೇಲೆ ನಿಂತು, ಒಂದು ಕಾಲನ್ನು ಕಿವಿಯವರೆಗೆ ಎಳೆದು ನಗುತ್ತಾಳಲ್ಲ, ಆಗ ನೋಡಿದವರೆಲ್ಲ "ಈ ಹುಡುಗಿ ಇಲ್ಲಿರೋಳಲ್ಲ ಬಿಡ್ರಿ" ಅನ್ನುತ್ತಿದ್ದರು. ಪ್ಯಾಟ್ರಿಸ್‌ಳದ್ದೋ, ದನದ ಮೇವಿನ ಹಳೆಯ ಗೋದಾಮು, ತಗಡಿನ ಸೂರು, ಟೇಪು ಅಂಟಿಸಿದ ಒಂದೇ ಒಂದು ಮ್ಯಾಟು. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಮೈಯೆಲ್ಲ ಬೇಯುತ್ತದೆ. ಇವಳನ್ನು ಯಾವಾಗ ಹೊರಗೆ ಕಳಿಸಬೇಕು, ಈ ವರ್ಷವೋ ಮುಂದಿನ ವರ್ಷವೋ ಎಂಬ ಒಂದೇ ಯೋಚನೆ ನನ್ನ ತಲೆ ತಿನ್ನುತ್ತಿತ್ತು. ಗಂಡನ ಹತ್ತಿರ ಕೇಳಿದರೆ "ಅವಳನ್ನೇ ಕೇಳು" ಅಂದ. ಮಕ್ಕಳನ್ನು ಕೇಳಿ ಯಾರಾದರೂ ಇಂಥದ್ದನ್ನು ತೀರ್ಮಾನಿಸುತ್ತಾರೆಯೇ? ನಾನೇ ತೀರ್ಮಾನಿಸಿದೆ.

ಇನ್ನೊಂದು ಮಾತು ಹೇಳುತ್ತೇನೆ, ಬೈದುಕೋ. ನಾವು ಹೊರಟುಹೋದರೆ ನಿನ್ನ ಮಗಳು ಮರ್ಲಿಗೆ ಎತ್ತಲು ಯಾರೂ ಇರುವುದಿಲ್ಲವಲ್ಲ ಅಂತ ನನಗೆ ಅವಳ ಮೇಲೆ ಕನಿಕರ ಹುಟ್ಟಿತ್ತು. ನಿನಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಕಾರಿನಲ್ಲಿ ಮನಸ್ಸಿನೊಳಗೇ ಅಭ್ಯಾಸ ಮಾಡುತ್ತಾ ಹೋದೆ. ಮರ್ಲಿ ಗಟ್ಟಿಮುಟ್ಟಾದ ಹುಡುಗಿ, ಸಾಫ್ಟ್‌ಬಾಲ್ ಆಡಲಿ, ಅದರಲ್ಲಿ ಮುಂದೆ ಬರುತ್ತಾಳೆ ಅಂತೆಲ್ಲ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಲ್ಲಿ ನಡೆದದ್ದು ಇದು.

ಆ ಜಾಗ ನೋಡಿ ಬಾಯಿ ತೆರೆದವಳು ಮುಚ್ಚಲಿಲ್ಲ. ತಂಪಾದ ಗಾಳಿ, ಸಾಲು ಸಾಲು ನೀಲಿ ಮ್ಯಾಟು, ತಾಯಂದಿರಿಗೆ ಗಾಜಿನ ಹಿಂದೆ ಮೆತ್ತನೆಯ ಕುರ್ಚಿ, ಕಾಫಿ. ಡೆವಿನ್ ಅಂತ ಒಬ್ಬ ಕೋಚ್, ಮೀಸೆ ಸರಿಯಾಗಿ ಬಂದಿಲ್ಲ, ಮಾತು ಮಾತ್ರ ಬಲು ಮರ್ಯಾದೆಯದ್ದು. ಅವನು ತಮ್ಮ ಮೊದಲ ತಂಡದ ಮೂವರು ಹುಡುಗಿಯರನ್ನು ಕೆನ್ಲಿಯ ಕೆಳಗೆ ನಿಲ್ಲಿಸಿದ. ಎತ್ತಿದರು. ನಮ್ಮಲ್ಲಿ ಕಂಬದ ಹಾಗೆ ನಿಲ್ಲುವ ಹುಡುಗಿ ಅಲ್ಲಿ ಕಾಲು ಮೇಲೆತ್ತುವ ಮೊದಲೇ ನಡುಗಿ ಕುಸಿದಳು. ಹಿಡಿದುಕೊಂಡರು, ಪೆಟ್ಟಾಗಲಿಲ್ಲ. ಮತ್ತೆ ಎತ್ತಿದರು, ಮತ್ತೆ ಬಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿದ್ದ ಹೆಂಗಸಿಗೆ "ಆ ಹಿಂದೆ ನಿಂತಿರೋ ಹುಡುಗಿಗೆ ಹಿಡ್ಕೊಳ್ಳೋಕೇ ಬರಲ್ಲ ನೋಡ್ರಿ" ಅಂದೆ. ಆಕೆ ಕಾಫಿ ಕೆಳಗಿಟ್ಟು, "ಅವಳು ನನ್ನ ಮಗಳು. ಎರಡು ಸಲ ದೇಶಕ್ಕೇ ಫಸ್ಟ್ ಬಂದಿದ್ದಾಳೆ" ಅಂದಳು. ಅಷ್ಟರಲ್ಲಿ ಕೆನ್ಲಿ ಮೂರನೇ ಸಲ ಬಿದ್ದಳು. ನಾನು ಕುರ್ಚಿಯಲ್ಲಿ ಕುಗ್ಗಿಹೋದೆ.

ಸ್ವಲ್ಪ ಹೊತ್ತು ಬಿಟ್ಟು ಡೆವಿನ್ ನನ್ನನ್ನು ಒಳಗೆ ಕರೆದ. ಹೊಸ ಜಾಗ, ಹೆದರಿದ್ದಾಳೆ, ಮುಂದಿನ ವಾರ ಬನ್ನಿ ಅನ್ನುತ್ತಾನೆ ಅಂದುಕೊಂಡೆ. ಅವನು ಒಂದು ಫೋನನ್ನು ನನ್ನ ಮುಂದೆ ಹಿಡಿದ. ವೇಕೋ ಊರಿನ ಸ್ಪರ್ಧೆಯಲ್ಲಿ ನಮ್ಮ ಹುಡುಗಿಯರು ಕುಣಿದ ವಿಡಿಯೋ. ನೀನೂ ನಾನೂ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡೆವಲ್ಲ, ಅದೇ.

"ಈ ಹುಡುಗಿ ಯಾರು ಮೇಡಂ?" ಅಂದ.

"ಅದೇನ್ರೀ ಹಿಂಗೆ ಕೇಳ್ತೀರಾ? ಈಗಷ್ಟೇ ಮೂರು ಸಲ ಬೀಳಿಸಿದ್ರಲ್ಲ, ಅವಳೇ. ನನ್ನ ಮಗಳು" ಅಂದೆ.

"ಮೇಲಿರೋಳಲ್ಲ ಮೇಡಂ. ಹಿಂದಿರೋಳು" ಅಂದ.

ಲವೋನ್, ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಿಂದೆ ಯಾರಿದ್ದಾರೆ ಅಂತ ಬಗ್ಗಿ ನೋಡಿದೆ. ನಿನ್ನ ಮಗಳು. ಅವನು ವಿಡಿಯೋವನ್ನು ನಿಧಾನಕ್ಕೆ ಓಡಿಸಿ ಬೆರಳಿಟ್ಟು ತೋರಿಸಿದ. ಕೆನ್ಲಿಯ ಸೊಂಟ ಎಡಕ್ಕೆ ವಾಲುವ ಮೊದಲೇ ಮರ್ಲಿಯ ಕಾಲು ಎಡಕ್ಕೆ ಸರಿದಿದೆ. ಕೆನ್ಲಿಯ ಹಿಮ್ಮಡಿ ಜಾರುವ ಮೊದಲೇ ಮರ್ಲಿಯ ಹೆಬ್ಬೆರಳು ಅಲ್ಲಿ ಒತ್ತಿದೆ. ಬಾಯಲ್ಲಿ ಎಣಿಕೆ ಹೇಳುತ್ತಲೇ ಇದ್ದಾಳೆ, ಕಣ್ಣು ಮೇಲಿನಿಂದ ಕದಲಿಲ್ಲ. "ನಿಮ್ಮ ಮಗಳು ಇಲ್ಲಿ ಬೀಳ್ತಾ ಇದ್ದಾಳೆ, ನೋಡಿ. ಇಲ್ಲೂ ಬಿದ್ಲು. ಇಲ್ಲೂನೂ. ಇವಳು ಬೀಳೋಕೆ ಬಿಡ್ತಾ ಇಲ್ಲ, ಅಷ್ಟೇ" ಅಂದ. "ಬೀಳೋರನ್ನ ಹಿಡಿಯೋದು ನಾನು ಯಾರಿಗೆ ಬೇಕಾದ್ರೂ ಕಲಿಸ್ತೀನಿ ಮೇಡಂ. ಬೀಳೋದು ಮೊದ್ಲೇ ಗೊತ್ತಾಗೋದನ್ನ ಕಲಿಸೋಕಾಗಲ್ಲ. ನಾನು ಇಂಥವರನ್ನ ನೋಡಿರೋದು ಒಬ್ಬಳನ್ನೋ ಇಬ್ಬರನ್ನೋ."

ಆ ವಿಡಿಯೋವನ್ನು ನಾನು ಅಡಿಗೆಮನೆಯಲ್ಲಿ, ಹಾಸಿಗೆಯಲ್ಲಿ, ಕೆಲಸದ ನಡುವೆ ಪದೇ ಪದೇ ನೋಡಿದವಳು. ಸಂಬಂಧಿಕರಿಗೆಲ್ಲ ಕಳಿಸಿದವಳು. ನನ್ನ ಮಗಳು ಅದರ ಉದ್ದಕ್ಕೂ ಬೀಳುತ್ತಲೇ ಇದ್ದಾಳೆ ಅಂತ ನನಗೆ ಒಂದು ದಿನವೂ ಕಾಣಲಿಲ್ಲ. ನಾನು ನೋಡುತ್ತಿದ್ದದ್ದು ಅವಳ ನಗುವನ್ನು. ನಾವೆಲ್ಲ ನೋಡುವುದೂ ಅದನ್ನೇ ಅಲ್ಲವೇ? ಯಾರು ಮೇಲಿದ್ದಾರೋ ಅವರ ಹೆಸರು ಕೂಗುತ್ತೇವೆ.

ಮನೆಗೆ ಬಂದವಳೇ ಫೋಟೋಗಳನ್ನೆಲ್ಲ ಹರಡಿಕೊಂಡು ಕೂತೆ. ಸ್ಪರ್ಧೆಗೊಂದರಂತೆ ದುಡ್ಡು ಕೊಟ್ಟು ತಂದ ಫೋಟೋಗಳು. ಒಂದರಲ್ಲಾದರೂ ಮರ್ಲಿಯ ಮುಖವಿಲ್ಲ ಲವೋನ್. ಹಿಂದೆ ನಿಲ್ಲುವವಳು, ಅವಳ ಮುಖ ಯಾವಾಗಲೂ ಬೇರೆಯವರ ತಲೆಯ ಮರೆಯಲ್ಲಿ. ಎರಡು ಕೈ ಮಾತ್ರ ಇವೆ, ಕೆನ್ಲಿಯ ಪಾದದ ಗಂಟು ಹಿಡಿದುಕೊಂಡು. ಸೋಫಾದ ಮೇಲೆ ತೂಗುಹಾಕಿರುವ ದೊಡ್ಡದರಲ್ಲಿ ಅದೂ ಇಲ್ಲ. ಚೆನ್ನಾಗಿ ಕಾಣಲಿ ಅಂತ ಕೆಳಗಡೆ ಕತ್ತರಿಸಿ ಕೊಡಿ ಎಂದು ಅಂಗಡಿಯವನಿಗೆ ನಾನೇ ಹೇಳಿದ್ದೆ. ನೀನು ಅದನ್ನು ಮೊದಲ ಸಲ ನೋಡಿದಾಗ "ಏನೇ, ನನ್ನ ಮಗಳ ಕೈನೇ ಕತ್ತರಿಸ್ಬಿಟ್ಯಲ್ಲೇ ಪಾಪಿ" ಅಂತ ನಕ್ಕೆ. ನಾನೂ ನಕ್ಕೆ. ಶನಿವಾರ ಸಂಜೆ ಅದನ್ನು ಗೋಡೆಯಿಂದ ಇಳಿಸಿ ಸೋಫಾದ ಹಿಂದೆ ತಿರುಗಿಸಿಟ್ಟೆ. ಗಂಡ ಬಂದು "ಯಾರಾದ್ರೂ ಜಿಮ್ ಬಿಟ್ಟು ಹೋದ್ರಾ?" ಅಂತ ಕೇಳಿದ.

ಈಗ ನಿನಗೆ ಬೇಕಾದ ವಿಷಯ. ಡೆವಿನ್ ಮರ್ಲಿಯನ್ನು ಕೇಳಿದ್ದಾನೆ. ಮೇ ತಿಂಗಳ ಆಯ್ಕೆಗೆ ಅವಳು ಬರಬೇಕು, ಮೊದಲ ತಂಡದಲ್ಲೇ ಜಾಗವಿದೆ. ಕಲಿಯುವುದಕ್ಕೆ ನೀನು ಏನೂ ಕೊಡಬೇಕಾಗಿಲ್ಲ; ಅಂಥವರಿಗೆಂದೇ ಒಂದು ಜಾಗ ಮೀಸಲಿಟ್ಟಿರುತ್ತಾರಂತೆ. ಬೇಗ ಕರೆದುಕೊಂಡು ಬರಲೇ ಅಂತ ನಾನು ಕೇಳಿದ್ದಕ್ಕೆ ಅವನು ತಲೆ ಅಲ್ಲಾಡಿಸಿದ. "ಮೊದ್ಲು ಗಾಲ್ವೆಸ್ಟನ್ ಮುಗಿಸ್ಲಿ ಮೇಡಂ. ತಂಡನ ನಡುವೆ ಬಿಟ್ಟು ಬರೋ ಮಕ್ಕಳು ನಮಗೆ ಬೇಡ. ಮುಗಿದ ಮೇಲೆ ನಿಮ್ಮ ಕೋಚ್ ಹತ್ರ ಎದುರಿಗೇ ನಿಂತು ಹೇಳಿ ಬರ್ಲಿ. ಆದ್ರೆ ಅದಾದ್ಮೇಲೆ ತಡ ಮಾಡ್ಬೇಡಿ. ಅವಳಿಗೆ ನಮ್ಮಲ್ಲಿರೋರ ಜೊತೆ ಕಲಿಯೋ ವಯಸ್ಸು ಇದೇ" ಅಂದ. ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದು ನನ್ನ ಮನೆಯ ಉತ್ತರವಾಗಿರಲಿಲ್ಲ, ಅಷ್ಟೇ.

ಕೆನ್ಲಿ? ಅವಳು ಇನ್ನೊಂದೆರಡು ವರ್ಷ ಪ್ಯಾಟ್ರಿಸ್ ಹತ್ತಿರವೇ ಇರಲಿ ಅಂದ. ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಮೊದಲಿನಿಂದ ಕಲಿಯಬೇಕಂತೆ.

ಹಾಗಾಗಿ ನೋಡು, ನಾನು ಈ ಕಾಗದ ಬರೆಯದಿದ್ದರೆ ಎಲ್ಲ ಮೊದಲಿನ ಹಾಗೇ ಇರುತ್ತದೆ. ಮರ್ಲಿ ಇಲ್ಲೇ ಇರುತ್ತಾಳೆ, ಕೆನ್ಲಿ ಮೇಲೆ ನಿಂತು ನಗುತ್ತಾಳೆ, ನಾನು ಕಿರುಚುತ್ತೇನೆ. ನೀನು ಕೋಪ ಮಾಡಿಕೊಂಡಿರುತ್ತೀಯ, ಅದೂ ಒಂದು ದಿನ ಇಳಿಯುತ್ತದೆ. ಭಾನುವಾರ ಪೂರ್ತಿ, ಸೋಮವಾರ ಪೂರ್ತಿ ನಾನು ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಮರ್ಲಿ ಹೋದರೆ ನನ್ನ ಮಗಳನ್ನು ಎತ್ತುವವರು ಈ ಊರಿನಲ್ಲಿ ಯಾರೂ ಇಲ್ಲ. ಅವಳು ನೆಲದ ಮೇಲೆ ನಿಂತಿರುತ್ತಾಳೆ. ಅದನ್ನು ನೋಡಲು ನನಗೆ ಇಷ್ಟವಿಲ್ಲ. ನೋಡಲು ಹೆದರಿಕೆಯಾಗುತ್ತದೆ.

ಆದರೂ ಕಳಿಸು. ನಿನ್ನ ಸ್ವಭಾವ ನನಗೆ ಗೊತ್ತು. "ಪ್ಯಾಟ್ರಿಸ್‌ಗೆ ಹೇಗೆ ಮುಖ ತೋರಿಸಲಿ, ಜಿಮ್ಮಿಗೆ ದುಡ್ಡು ಕೂಡಿಸಲು ಸ್ಪರ್ಧೆಯ ದಿನ ಬಾಗಿಲಲ್ಲಿ ನಿಂತು ನ್ಯಾಚೋಸ್ ತಿಂಡಿ ಮಾರುವ ನಾನೇ ಮಗಳನ್ನು ಹೊರಗೆ ಕಳಿಸಿದರೆ ಜನ ಏನಂತಾರೆ" ಅನ್ನುತ್ತೀಯ. ಅವಳ ಫೋಟೋವನ್ನು ಗೋಡೆಯಿಂದ ಯಾರು ಇಳಿಸುತ್ತಾರೆ ಅಂತಲೂ ಕೇಳುತ್ತೀಯ. ಇಳಿಸಲು ಅವಳ ಮುಖದ್ದೊಂದು ಫೋಟೋ ಅಲ್ಲಿ ಇದ್ದರೆ ತಾನೆ? ನಿನಗೆ ಡಲ್ಲಾಸಿಗೆ ಅಷ್ಟು ದೂರ ವಾರಕ್ಕೆ ಮೂರು ಸಲ ಗಾಡಿ ಓಡಿಸುವುದು ಕಷ್ಟ. ಒಂದು ಸಲ ನೀನು ಹೋಗು, ಒಂದು ಸಲ ನಾನು ಕರೆದುಕೊಂಡು ಹೋಗುತ್ತೇನೆ, ಮೂರನೆಯದಕ್ಕೆ ನಿನ್ನ ತಮ್ಮನನ್ನು ಸೋಮಾರಿತನದಿಂದ ಎಬ್ಬಿಸೋಣ. ಡೆವಿನ್‌ನ ನಂಬರನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಯೊಳಗೇ ಇಟ್ಟಿದ್ದೇನೆ. ಭಾನುವಾರದೊಳಗೆ ಅವನಿಗೆ ಫೋನ್ ಮಾಡು. ನನಗೆ ಮಾಡುವುದು ಬಿಡುವುದು ನಿನ್ನಿಷ್ಟ.

ಬೆಂಚು ಬದಲಾಯಿಸಿದರೂ ನಿನ್ನವಳೇ,
ರೋನೆಟ್

ಮರೆತ ಮಾತು: ಮರೆಯಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಡೆವಿನ್‌ಗೆ ಆ ವಿಡಿಯೋ ಎಲ್ಲಿಂದ ಸಿಕ್ಕಿತು ಅಂತ ನೀನು ಕೇಳಿಯೇ ಕೇಳುತ್ತೀಯ. ಮೂರನೇ ಸಲ ಬಿದ್ದ ಮೇಲೆ ಕೆನ್ಲಿ ಅವನ ಹತ್ತಿರ ಹೋಗಿ ಏನೋ ಮಾತಾಡುವುದು ಗಾಜಿನೊಳಗಿಂದ ಕಂಡಿತ್ತು. ಇನ್ನೊಂದು ಅವಕಾಶ ಕೊಡಿ ಅಂತ ಬೇಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅವಳು ತನ್ನ ಫೋನು ತೆಗೆದು ಮರ್ಲಿಯನ್ನು ತೋರಿಸಿ, "ನನ್ನನ್ನ ಬಿಡಿ, ಇವಳನ್ನ ನೋಡಿ" ಅಂದಳಂತೆ. ಬರುವಾಗ ಕಾರಿನಲ್ಲಿ ನಾನು ಹುಚ್ಚಿಯ ಹಾಗೆ ಕೂಗಾಡಿದೆ. ಬೇಕಂತಲೇ ಬಿದ್ದೆಯಾ ಅಂತ ಕೇಳಿದೆ. "ಇಲ್ಲ ಮಮ್ಮಿ, ನಿಜವಾಗ್ಲೂ ಬಿದ್ದೆ. ಭಯ ಆಯ್ತು" ಅಂದಳು, ಬರ್ಗರ್ ತಿನ್ನುತ್ತಾ. ನಿನ್ನನ್ನು ನಿಲ್ಲಿಸುತ್ತಿದ್ದವಳು ಮರ್ಲಿ ಅಂತ ಗೊತ್ತಿದ್ದ ಮೇಲೆ ನನ್ನ ಜೊತೆ ಯಾಕೆ ಬಂದೆ ಅಂದೆ. ಅದಕ್ಕೆ ನನ್ನ ಮಗಳು ಅಂದದ್ದನ್ನು ಹಾಗೇ ಬರೆಯುತ್ತೇನೆ: "ನೀನು ಮರ್ಲಿನ ಕರ್ಕೊಂಡು ಹೋಗ್ತಿರ್ಲಿಲ್ವಲ್ಲ ಮಮ್ಮಿ."